ಒಂದು ಪ್ರತಿ ಗುಬ್ಬಿಯಲ್ಲಿರಲಿ

'ಎಲ್ಲಾ ಡಿ ಡ್ರೈವ್‌ಗೆ ಹಾಕಿದೀನಿ ಸಾರ್, ಯೋಚ್ನೆ ಮಾಡ್ಬೇಡಿ.'

ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಕೊಟ್ಟು ಹೊರಡುವ ಸರ್ವಿಸ್ ಹುಡುಗನ ಬಾಯಲ್ಲಿ ಈ ಮಾತನ್ನು ಕೇಳದ ಅಂಗಡಿ, ಆಫೀಸು ತುಮಕೂರಿನಲ್ಲಿ ಕಡಿಮೆ. ಹುಡುಗ ಸುಳ್ಳು ಹೇಳುತ್ತಿಲ್ಲ. ವಿಂಡೋಸ್ ಕೆಟ್ಟು ಸಿ ಡ್ರೈವ್ ಅಳಿಸಬೇಕಾಗಿ ಬಂದರೆ ಡಿ ಡ್ರೈವ್‌ನಲ್ಲಿದ್ದದ್ದು ನಿಜಕ್ಕೂ ಉಳಿಯುತ್ತದೆ. ಆದರೆ ಪರದೆಯ ಮೇಲೆ ಸಿ, ಡಿ, ಇ ಎಂದು ಬೇರೆಬೇರೆಯಾಗಿ ಕಾಣುವುದೆಲ್ಲ ನಮ್ಮ ಬಹುಪಾಲು ಮನೆ, ಅಂಗಡಿಗಳ ಕಂಪ್ಯೂಟರುಗಳಲ್ಲಿ ಒಂದೇ ಹಾರ್ಡ್‌ಡಿಸ್ಕಿನ ತುಂಡುಗಳು. ಡಿಸ್ಕು ಹೋದ ದಿನ ಮೂರೂ ಒಟ್ಟಿಗೇ ಹೋಗುತ್ತವೆ. ಆ ದಿನದವರೆಗೆ ಮಾಲೀಕರು ತಮ್ಮಲ್ಲಿ ಬ್ಯಾಕಪ್ ಇದೆ ಎಂದೇ ನಂಬಿರುತ್ತಾರೆ. ಏನೂ ಇಲ್ಲ ಎಂದು ಗೊತ್ತಿರುವವನಿಗೆ ಒಂದಿಷ್ಟಾದರೂ ಭಯವಿರುತ್ತದೆ. ಇದೆ ಎಂದುಕೊಂಡವನಿಗೆ ಅದೂ ಇರುವುದಿಲ್ಲ.

ಮಂಡಿಪೇಟೆಯ ಸಗಟು ವ್ಯಾಪಾರಿಯ ಟ್ಯಾಲಿ ಲೆಕ್ಕ, ಗುಬ್ಬಿಯ ಲೆಕ್ಕಪರಿಶೋಧಕರ ಬಳಿ ಇರುವ ನೂರಾರು ಕಕ್ಷಿದಾರರ ಕಡತ, ಕುಣಿಗಲ್ಲಿನ ಸ್ಟುಡಿಯೊದಲ್ಲಿ ಕೂತಿರುವ ಈ ಲಗ್ನಸರದ ಮದುವೆಗಳು, ಮನೆಯ ಮೊಬೈಲಿನಲ್ಲಿರುವ ತೀರಿಹೋದ ಅಜ್ಜಿಯ ದನಿ, ಇವಕ್ಕೆಲ್ಲ ಇಂದು ಕಾಗದದ ಮೂಲವಿಲ್ಲ. ಮೊದಲೆಲ್ಲ ಲೆಡ್ಜರು ಬೀರುವಿನಲ್ಲಿರುತ್ತಿತ್ತು, ನೆಗೆಟಿವ್ ಡಬ್ಬಿಯಲ್ಲಿರುತ್ತಿತ್ತು. ಕಂಪ್ಯೂಟರಿನಲ್ಲಿದ್ದದ್ದು ಅದರ ನಕಲು. ಈಗ ಕಂಪ್ಯೂಟರಿನಲ್ಲಿ ಇರುವುದೇ ಮೂಲ. ಈ ಬದಲಾವಣೆ ಎಷ್ಟು ಸದ್ದಿಲ್ಲದೆ ಆಯಿತೆಂದರೆ, ಬೀರುವಿಗೆ ಬೀಗ ಹಾಕುತ್ತಿದ್ದವರಿಗೆ ಡಿಸ್ಕಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಕಾನೂನು ಹೇಳಿದೆ, ಆದರೆ ಅದು ಕೌಂಟರಿನವರೆಗೆ ಬಂದಿಲ್ಲ. ಜಿಎಸ್‌ಟಿ ನಿಯಮಗಳಲ್ಲಿ 57ನೆಯದು ಇದರ ಬಗ್ಗೆಯೇ ಇದೆ: ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರು ಅದರ ಬ್ಯಾಕಪ್ಪನ್ನೂ ಇಡಬೇಕು, ಅಪಘಾತವೋ ಪ್ರಕೃತಿ ವಿಕೋಪವೋ ಆಗಿ ಮೂಲ ನಾಶವಾದರೆ ಸೂಕ್ತ ಸಮಯದೊಳಗೆ ಮಾಹಿತಿಯನ್ನು ಮರಳಿ ತರುವಂತಿರಬೇಕು. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಈ ಲೆಕ್ಕ ಕೈಯಲ್ಲಿರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಇನ್ನೂ ಬಿಗಿ. ಲೆಕ್ಕಪುಸ್ತಕ ಎಂಟು ವರ್ಷ ಉಳಿಯಬೇಕು. ಆಗಾಗ ಬ್ಯಾಕಪ್ ತೆಗೆದರೆ ಸಾಕೆಂದಿದ್ದ ನಿಯಮವನ್ನು 2022ರ ಆಗಸ್ಟಿನಲ್ಲಿ ತಿದ್ದಿ, ಭಾರತದಲ್ಲೇ ಇರುವ ಸರ್ವರಿಗೆ ದಿನವೂ ಹೋಗಬೇಕು ಎಂದು ಮಾಡಲಾಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪುಟ್ಟ ಘಟಕ ನಡೆಸುವ ಪ್ರೈವೇಟ್ ಲಿಮಿಟೆಡ್ ಮಾಲೀಕರೂ ಇದಕ್ಕೆ ಒಳಪಟ್ಟವರೇ.

ಈ ನಿಯಮಗಳನ್ನು ಓದಿದಾಗ ನನಗೆ ಹಿಡಿಸಿದ್ದು ದಂಡದ ಭಯವಲ್ಲ, 57ರಲ್ಲಿ ಬರುವ ಮರಳಿ ತರುವ ಮಾತು. ನಕಲು ತೆಗೆಯುವುದು ಅರ್ಧ ಕೆಲಸ ಎಂದು ನಿಯಮ ಬರೆದವರಿಗೆ ಗೊತ್ತಿತ್ತು.

ಡಿಸ್ಕು ಸಾಯುವ ಬಗೆ ನೋಡೋಣ. ಹಳೆಯ ತಿರುಗುವ ಹಾರ್ಡ್‌ಡಿಸ್ಕು ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಕಂಪ್ಯೂಟರ್ ನಿಧಾನವಾಗುತ್ತದೆ, ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಸದ್ದು ಬಂದಾಗ ಮಾಡಬೇಕಾದದ್ದು ಒಂದೇ, ಆಫ್ ಮಾಡುವುದು. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಒಳಗಿನ ತಟ್ಟೆ ಗೀರಿಕೊಳ್ಳುತ್ತದೆ. ಆಮೇಲೆ ದೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ತೆಗೆಯುವ ಪರಿಣತರ ಬಳಿಗೇ ಹೋಗಬೇಕು. ತುಮಕೂರಿನಿಂದ ಡಿಸ್ಕು ಬೆಂಗಳೂರಿಗೆ ಪ್ರಯಾಣ ಮಾಡುತ್ತದೆ, ಬಿಲ್ಲು ಹೊಸ ಕಂಪ್ಯೂಟರಿನ ಬೆಲೆಯನ್ನು ಮೀರಬಹುದು, ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಹೊಸ ಲ್ಯಾಪ್‌ಟಾಪುಗಳ ಎಸ್‌ಎಸ್‌ಡಿ ವೇಗದ್ದು, ಸದ್ದಿಲ್ಲದ್ದು. ಸಾಯುವಾಗಲೂ ಹಾಗೆಯೇ, ನಿನ್ನೆ ಸರಿಯಿದ್ದದ್ದು ಇಂದು ಕಾಣುವುದೇ ಇಲ್ಲ. ಅಳಿಸಿದ ಕಡತವನ್ನು ಹಳೆಯ ಡಿಸ್ಕಿನಿಂದ ಎತ್ತಬಹುದಿತ್ತು. ಎಸ್‌ಎಸ್‌ಡಿ ಅಳಿಸಿದ ಜಾಗವನ್ನು ತಾನೇ ಸ್ವಚ್ಛ ಮಾಡಿಟ್ಟುಕೊಳ್ಳುವುದರಿಂದ ಆ ದಾರಿಯೂ ಬಹುತೇಕ ಮುಚ್ಚಿದೆ. ಪೆನ್‌ಡ್ರೈವ್ ಕೊಂಡೊಯ್ಯಲು ಸರಿ, ವರ್ಷಗಟ್ಟಲೆ ಇಟ್ಟುಕೊಳ್ಳಲು ಅಲ್ಲ.

ಬಯಲುಸೀಮೆಗೆ ಏಪ್ರಿಲ್, ಮೇ ಅಂದರೆ ಗುಡುಗು ಸಿಡಿಲಿನ ಕಾಲ. ಕರೆಂಟು ಹೋಗಿ ಬರುತ್ತದೆ, ಬರುವಾಗ ಒಮ್ಮೊಮ್ಮೆ ಹೆಚ್ಚಾಗಿಯೇ ಬರುತ್ತದೆ. ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದಷ್ಟೇ ಅಲ್ಲ, ಕೇಬಲ್ಲಿನ ದಾರಿಯಿಂದಲೂ ಒಳಗೆ ಬರಬಹುದು. ಆ ಹೊತ್ತಿನಲ್ಲಿ ಬ್ಯಾಕಪ್ಪಿನ ಎಕ್ಸ್‌ಟರ್ನಲ್ ಡಿಸ್ಕು ಕಂಪ್ಯೂಟರಿಗೆ ಸಿಕ್ಕಿಸಿಯೇ ಇದ್ದರೆ ಎರಡೂ ಒಟ್ಟಿಗೆ ಸುಡುತ್ತವೆ. ರ‍್ಯಾನ್ಸಮ್‌ವೇರಿಗೂ ಇದೇ ಮಾತು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಈ ಕೇಡು ಹೊಕ್ಕಾಗ, ಆ ಹೊತ್ತಿಗೆ ಯಾವ ಯಾವ ಡ್ರೈವು ಕಾಣುತ್ತಿದೆಯೋ ಅದಕ್ಕೆಲ್ಲ ಬೀಗ ಬೀಳುತ್ತದೆ. ಸಣ್ಣ ಆಫೀಸುಗಳಿಗೆ ಇದು ಬರುವ ಸಾಮಾನ್ಯ ದಾರಿಗಳಲ್ಲೊಂದು ಕ್ರ್ಯಾಕ್ ಮಾಡಿದ ತಂತ್ರಾಂಶ. ದುಡ್ಡು ಉಳಿಸಲೆಂದು ಹಾಕಿಸಿಕೊಂಡದ್ದೇ ಬಾಗಿಲು ತೆರೆದುಕೊಡುತ್ತದೆ.

2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಗೆ ಬಡಿದದ್ದೂ ರ‍್ಯಾನ್ಸಮ್‌ವೇರೇ. ಎರಡು ವಾರದಷ್ಟು ಕಾಲ ದೇಶದ ಆ ದೊಡ್ಡ ಆಸ್ಪತ್ರೆ ರೋಗಿಗಳ ಚೀಟಿಯನ್ನು ಕೈಯಲ್ಲಿ ಬರೆಯಿತು. ದಾಳಿ ತಾಗದೆ ಉಳಿದಿದ್ದ ಬ್ಯಾಕಪ್ ಸರ್ವರ್ ಒಂದರಿಂದ ದತ್ತಾಂಶ ಮರಳಿ ಬಂತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಉಳಿಸಿದ್ದು ತಾಗದ ಪ್ರತಿ. ಹಾಗಾಗಿ ಬ್ಯಾಕಪ್ ಮುಗಿದ ಮೇಲೆ ಡಿಸ್ಕನ್ನು ಕಳಚಿ ಇಡುವುದು ಶಿಸ್ತಲ್ಲ, ಅಗತ್ಯ.

ಕಳಚಿ ಎಲ್ಲಿಡಬೇಕು? ಅದೇ ಮೇಜಿನ ಡ್ರಾಯರಿನಲ್ಲಿ ಇಟ್ಟರೆ ಸಿಡಿಲಿನಿಂದ ಉಳಿದೀತು, ಬೆಂಕಿಯಿಂದ ಉಳಿಯದು, ಕಳ್ಳನಿಂದ ಉಳಿಯದು, ಮಾಳಿಗೆ ಸೋರಿ ನೀರು ನುಗ್ಗಿದರೆ ಉಳಿಯದು. ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಇದನ್ನು ಮೂರು-ಎರಡು-ಒಂದು ಎನ್ನುತ್ತಾರೆ. ಇದನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು. ಕಂಪ್ಯೂಟರ್ ವಿಜ್ಞಾನಿಯಲ್ಲ, ಫೋಟೊ ತೆಗೆದು ಬದುಕುವವರು. ಕಳೆದುಕೊಂಡರೆ ಮತ್ತೆ ತೆಗೆಯಲಾಗದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮದುವೆಯ ಧಾರೆ ಎರಡನೇ ಸಲ ನಡೆಯುವುದಿಲ್ಲ.

'ಬೇರೆ ಊರಲ್ಲಿ' ಎಂಬ ಕೊನೆಯ ಅಂಶವನ್ನೇ ನಮ್ಮವರು ಬಿಡುವುದು. ಬಿಡಲು ಕಾರಣವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭೂಪಟ ನೋಡಿ. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೊಮೀಟರ್, ಬಸ್ಸೂ ಉಂಟು, ರೈಲೂ ಉಂಟು. ಕುಣಿಗಲ್ ಸುಮಾರು 40ರೊಳಗೆ. ದಿನ ಬೆಳಗಾದರೆ ಈ ಮೂರೂರುಗಳ ನಡುವೆ ಕೆಲಸಕ್ಕೆ, ಕಾಲೇಜಿಗೆ, ಕೋರ್ಟಿಗೆ, ಆಸ್ಪತ್ರೆಗೆ ಓಡಾಡುವವರು ಎಷ್ಟು ಮಂದಿ! ತುಮಕೂರಿನಲ್ಲಿ ಅಂಗಡಿ ಇಟ್ಟವರ ತಂಗಿ ಗುಬ್ಬಿಯಲ್ಲಿರುತ್ತಾರೆ, ಕುಣಿಗಲ್ಲಿನ ಸ್ಟುಡಿಯೊದವರ ಭಾವ ತುಮಕೂರಿನಲ್ಲಿರುತ್ತಾರೆ. ಎರಡು ಡಿಸ್ಕು ಕೊಂಡು, ಒಂದು ಇಲ್ಲಿ ಒಂದು ಅಲ್ಲಿ ಇಟ್ಟು, ತಿಂಗಳಿಗೊಮ್ಮೆ ಹಬ್ಬಕ್ಕೋ ಹುಣ್ಣಿಮೆಗೋ ಹೋದಾಗ ಅದಲುಬದಲು ಮಾಡಿಕೊಂಡರೆ ಆಯಿತು. ಖರ್ಚು ಕೆಲವು ಸಾವಿರ ರೂಪಾಯಿ, ಅದೂ ಒಮ್ಮೆ.

ಇಂಟರ್‌ನೆಟ್ ಇರುವಾಗ ಡಿಸ್ಕನ್ನು ಬಸ್ಸಿನಲ್ಲಿ ಒಯ್ಯುವುದೇಕೆ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ. ಒಂದು ಲಗ್ನಸರದ ಕೊನೆಗೆ ಸ್ಟುಡಿಯೊದಲ್ಲಿ 500 ಜಿಬಿ ಸೇರಿದೆ, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದೆ ಎನ್ನೋಣ. ನಡುವೆ ಎಲ್ಲೂ ನಿಲ್ಲದೆ ಹೋದರೂ 55 ಗಂಟೆ ಬೇಕು. ಅದೇ ಡಿಸ್ಕು ಚೀಲದಲ್ಲಿ ಕುಣಿಗಲ್ಲಿನಿಂದ ತುಮಕೂರಿಗೆ ಒಂದೂವರೆ ಗಂಟೆಯೊಳಗೆ ತಲುಪುತ್ತದೆ. ಟ್ಯಾಲಿ ಲೆಕ್ಕದ ಮಾತು ಬೇರೆ. ಬಹಳ ಅಂಗಡಿಗಳ ಲೆಕ್ಕ ಒಂದು ಜಿಬಿಯನ್ನೂ ಮುಟ್ಟುವುದಿಲ್ಲ, ದಿನ ಸಂಜೆ ಕ್ಲೌಡಿಗೆ ಹಾಕಲು ಕೆಲವು ನಿಮಿಷ ಸಾಕು. ಯಾವುದು ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಗಾತ್ರ ನಿರ್ಧರಿಸಲಿ.

ಇನ್ನೊಂದು ಎಚ್ಚರ. ಬೇರೆಯವರ ಮನೆಯಲ್ಲಿಡುವ ಡಿಸ್ಕಿಗೆ ಪಾಸ್‌ವರ್ಡಿನ ರಕ್ಷಣೆ ಬೇಕು. ಲೆಕ್ಕಪರಿಶೋಧಕರ, ವಕೀಲರ ಡಿಸ್ಕಿನಲ್ಲಿರುವುದು ಬೇರೆಯವರ ಬದುಕು. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್ ಇದೆ, ಇಲ್ಲದವರಿಗೆ ವೆರಾಕ್ರಿಪ್ಟ್ ಉಚಿತವಾಗಿ ಸಿಗುತ್ತದೆ. ಕೀಲಿಯನ್ನು ಕಾಗದದಲ್ಲಿ ಬರೆದು ಡಿಸ್ಕಿಲ್ಲದ ಜಾಗದಲ್ಲಿಡಿ. ಕೀಲಿ ಕಳೆದರೆ ಆ ಡಿಸ್ಕನ್ನು ನೀವೂ ತೆರೆಯಲಾರಿರಿ.

ಪ್ರತಿಗಳನ್ನು ದೂರ ದೂರ ಚೆದುರಿಸಿಡುವುದರ ಬೆಲೆ ಕನ್ನಡಿಗರಿಗೆ ಹೊಸ ಪಾಠವಲ್ಲ. ಹತ್ತನೇ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು ಎಂಬುದು ನಮ್ಮ ಸಾಹಿತ್ಯ ಚರಿತ್ರೆಯ ಹೆಮ್ಮೆ. ಸಾಮಾನ್ಯವಾಗಿ ಇದನ್ನು ದಾನವೆಂದು ಹೊಗಳುತ್ತೇವೆ. ನನಗೆ ಅದರಲ್ಲಿ ದೊಡ್ಡ ವಿವೇಕವೂ ಕಾಣುತ್ತದೆ. ಓಲೆಗರಿಗೆ ಹುಳು ಹಿಡಿಯುತ್ತದೆ, ಬೆಂಕಿ ತಾಗುತ್ತದೆ, ಮಠ ಬಸದಿಗಳು ಹಾಳಾಗುತ್ತವೆ. ಸಾವಿರ ಕಡೆ ಒಂದೇ ಸಲ ಹಾಳಾಗುವುದಿಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕಾದರೆ ಬಿ.ಎಲ್. ರೈಸ್ ಅವರ ಕೆಲಸ ನೋಡಬೇಕು. 'ಎಪಿಗ್ರಾಫಿಯಾ ಕರ್ನಾಟಿಕ'ದ 12ನೇ ಸಂಪುಟ 1904ರಲ್ಲಿ ಬಂತು, ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ತುಮಕೂರು, ಗುಬ್ಬಿ, ಕುಣಿಗಲ್ ಹೀಗೆ ತಾಲ್ಲೂಕುವಾರು, ಊರ ಮುಂದಿನ ಕಲ್ಲು, ಗುಡಿಯ ಗೋಡೆ, ಕೆರೆ ಏರಿಯ ಮೇಲಿನ ಬರಹ ಎಲ್ಲವನ್ನೂ ಓದಿಸಿ ಅಚ್ಚು ಹಾಕಿಸಿದರು. ರಾಜ್ಯದಲ್ಲಿ ಹೀಗೆ ಓದಿದ ಎಷ್ಟೋ ಕಲ್ಲುಗಳು ಇಂದು ಇದ್ದಲ್ಲಿಲ್ಲ. ಕಟ್ಟಡಕ್ಕೆ ಹೋದವು, ರಸ್ತೆಯಡಿ ಹೋದವು, ಒಡೆದುಹೋದವು. ಕಲ್ಲಿನಲ್ಲಿ ಕೊರೆದದ್ದೇ ಶಾಶ್ವತ ಎಂದುಕೊಂಡಿದ್ದೆವು. ಕಲ್ಲು ಹೋಗಿ ಪುಸ್ತಕ ಉಳಿಯಿತು, ಏಕೆಂದರೆ ಪುಸ್ತಕದ ಪ್ರತಿಗಳು ಹಲವು ಊರುಗಳ ಗ್ರಂಥಾಲಯಗಳಲ್ಲಿದ್ದವು. ಹೀಗೆ ಉಳಿಯದೆ ಹೋದದ್ದೂ ಇದೆ. ನಾಟಕಕ್ಕೆ, ಸಿನಿಮಾಕ್ಕೆ ಗುಬ್ಬಿ ವೀರಣ್ಣನವರನ್ನು ಕೊಟ್ಟ ಜಿಲ್ಲೆಯವರಿಗೆ ಇದು ನೋಯುವ ಸಂಗತಿ: ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಪ್ರಿಂಟು ಎಲ್ಲೂ ಉಳಿದಿಲ್ಲ.

ದೊಡ್ಡವರೂ ಈ ಪಾಠವನ್ನು ಬೆಂಕಿಯಿಂದಲೇ ಕಲಿಯುತ್ತಿದ್ದಾರೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಹೊತ್ತಿತು. ಸರ್ಕಾರಿ ನೌಕರರು ಕಡತಗಳನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳದೆ ಜಿ-ಡ್ರೈವ್ ಎಂಬ ಕ್ಲೌಡಿನಲ್ಲಿ ಇಡಬೇಕೆಂದು ಅಲ್ಲಿ ಸೂಚನೆ ಇತ್ತು. ಆ ಜಿ-ಡ್ರೈವ್ ಇದ್ದದ್ದು ಅದೇ ಕಟ್ಟಡದಲ್ಲಿ. ಗಾತ್ರ ದೊಡ್ಡದು ಎಂಬ ಕಾರಣಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. 858 ಟೆರಾಬೈಟ್ ಸುಟ್ಟಿತು. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶ ನಮ್ಮ ಡಿ ಡ್ರೈವಿನ ತಪ್ಪನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತ್ತು. ಕ್ಲೌಡ್ ಎಂದರೆ ಆಕಾಶವಲ್ಲ, ಅದೂ ಎಲ್ಲೋ ಒಂದು ಕಟ್ಟಡವೇ. ಯಾವ ಕಟ್ಟಡ, ಅದರ ಪ್ರತಿ ಎಲ್ಲಿ ಎಂದು ಕೇಳುವ ಹಕ್ಕು ದುಡ್ಡು ಕೊಡುವವನಿಗಿದೆ.

ಇದಕ್ಕೆ ಎದುರಾದ ಕತೆ 1998ರದು. ಅಮೆರಿಕದ ಪಿಕ್ಸಾರ್ ಸಂಸ್ಥೆ 'ಟಾಯ್ ಸ್ಟೋರಿ 2' ಚಿತ್ರ ಮಾಡುತ್ತಿದ್ದಾಗ ಯಾರೋ ಒಂದು ಆಜ್ಞೆ ತಪ್ಪಾಗಿ ಕೊಟ್ಟು ಚಿತ್ರದ ಬಹುಭಾಗ ಅಳಿಸಿಹೋಯಿತು. ಬ್ಯಾಕಪ್ ವ್ಯವಸ್ಥೆ ಇತ್ತು. ತೆರೆದು ನೋಡಿದರೆ ಅದು ಕೆಲವು ಕಾಲದಿಂದ ಸರಿಯಾಗಿ ಕೆಲಸವನ್ನೇ ಮಾಡುತ್ತಿರಲಿಲ್ಲ, ಯಾರೂ ಗಮನಿಸಿರಲಿಲ್ಲ. ಚಿತ್ರದ ತಾಂತ್ರಿಕ ಮೇಲ್ವಿಚಾರಕಿ ಗೇಲಿನ್ ಸಸ್ಮನ್ ಆಗ ಬಾಣಂತಿ, ಮನೆಯಿಂದ ಕೆಲಸ ಮಾಡಲೆಂದು ಚಿತ್ರದ ಪ್ರತಿಯೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿ ಸುತ್ತಿ ಕಾರಿನಲ್ಲಿ ತಂದರು. ಚಿತ್ರ ಉಳಿಯಿತು. ವ್ಯವಸ್ಥೆ ಉಳಿಸಲಿಲ್ಲ, ಬೇರೊಂದು ಮನೆಯಲ್ಲಿದ್ದ ಪ್ರತಿ ಉಳಿಸಿತು.

ಪಿಕ್ಸಾರ್‌ನಲ್ಲಿ ಕೈಕೊಟ್ಟದ್ದೇ ನಮ್ಮಲ್ಲಿ ಹೆಚ್ಚು ಕೈಕೊಡುತ್ತದೆ. ಟ್ಯಾಲಿಯಲ್ಲಿ ದಿನವೂ ಬ್ಯಾಕಪ್ ಒತ್ತುವವರಿದ್ದಾರೆ. ಆ ಕಡತ ಯಾವ ಫೋಲ್ಡರಿಗೆ ಹೋಗುತ್ತಿದೆ, ಅದು ತೆರೆಯುತ್ತದೆಯೇ ಎಂದು ನೋಡಿದವರು ವಿರಳ. ಆದ್ದರಿಂದ ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಲೇಬೇಕು. ಇಲ್ಲೊಂದು ಅಪಾಯವಿದೆ, ದಯವಿಟ್ಟು ಗಮನವಿಟ್ಟು ಓದಿ. ಟ್ಯಾಲಿಯಲ್ಲಿ ಹಳೆಯ ಬ್ಯಾಕಪ್ಪನ್ನು ಈಗಿನ ಡೇಟಾ ಇರುವ ಫೋಲ್ಡರಿಗೇ ರಿಸ್ಟೋರ್ ಮಾಡಿದರೆ ಅದು ಇಂದಿನ ಲೆಕ್ಕದ ಮೇಲೆಯೇ ಕೂರುತ್ತದೆ. ಪರೀಕ್ಷೆ ಮಾಡಲು ಹೋಗಿ ನಿನ್ನೆಯವರೆಗಿನ ಎಂಟ್ರಿ ಕಳೆದುಕೊಳ್ಳಬಹುದು. ಬೇರೆ ಹೆಸರಿನ ಹೊಸ ಫೋಲ್ಡರು ಮಾಡಿ, ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲೇ ತೆರೆದು, ಕೊನೆಯ ವೋಚರು, ಬ್ಯಾಂಕ್ ಬಾಕಿ, ದಾಸ್ತಾನು ತಾಳೆ ನೋಡಿ. ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯದಿರಬಹುದು. ಡಿಸ್ಕಿನ ಮೇಲೆ ದಿನಾಂಕದ ಜೊತೆ ಆವೃತ್ತಿಯನ್ನೂ ಬರೆದಿಡಿ.

ಮನೆಯ ಮಾತಿಗೆ ಬಂದರೆ ಕಂಪ್ಯೂಟರಿಗಿಂತ ಮೊಬೈಲೇ ಮುಖ್ಯ. 'ಗೂಗಲ್‌ನಲ್ಲಿ ಇರುತ್ತಲ್ಲ' ಎಂಬ ಭರವಸೆ ಎಲ್ಲರದು. ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲಿ ಮೇಲ್, ಡ್ರೈವ್, ಫೋಟೊ ಎಲ್ಲವೂ ಸೇರಿ. ಫೋಟೊಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿದ್ದುದು 2021ರ ಜೂನ್ 1ಕ್ಕೆ ನಿಂತಿತು. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ಪೂ ಈಗ ಅದೇ 15ರೊಳಗೆ ಬರುತ್ತದೆ. ಜಾಗ ತುಂಬಿದ ಮೇಲೆ ಬ್ಯಾಕಪ್ ನಿಲ್ಲುತ್ತದೆ, ಫೋನು ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ. ಸಿಂಕ್ ಆಗುವುದನ್ನು ಬ್ಯಾಕಪ್ ಎಂದುಕೊಳ್ಳುವುದೂ ತಪ್ಪು. ಮಗು ಆಡುತ್ತಾ ಗೂಗಲ್ ಫೋಟೊಸ್ ಆ್ಯಪ್‌ನಲ್ಲಿ ಫೋಟೊ ಅಳಿಸಿದರೆ ಕ್ಲೌಡಿನಲ್ಲಿರುವ ಪ್ರತಿಯೂ ಅಳಿಯುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ.

ಯಾರೂ ಆಡಲು ಇಷ್ಟಪಡದ ಒಂದು ಮಾತು ಇಲ್ಲಿ ಹೇಳಲೇಬೇಕು. ಎರಡು ವರ್ಷ ಬಳಸದ ಖಾಸಗಿ ಗೂಗಲ್ ಖಾತೆಗಳನ್ನು ಅಳಿಸುವ ಕ್ರಮವನ್ನು ಆ ಕಂಪನಿ 2023ರ ಡಿಸೆಂಬರಿನಿಂದ ಆರಂಭಿಸಿದೆ. ಅಪ್ಪ ತೀರಿಹೋದ ಮೇಲೆ ಅವರ ಫೋನು ಬೀರುವಿನಲ್ಲಿ ಉಳಿಯುತ್ತದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಅವರು ತೆಗೆದ ಫೋಟೊ, ಜಮೀನಿನ ಕಾಗದದ ಸ್ಕ್ಯಾನು, ಸಂಘದ ಲೆಕ್ಕ ಎಲ್ಲವೂ ಆ ಖಾತೆಯ ಜೊತೆ ಹೋಗುತ್ತವೆ. ಗೂಗಲ್ ಖಾತೆಯಲ್ಲೇ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬ ಸೌಲಭ್ಯವಿದೆ. ತಾನು ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಇಂಥವರಿಗೆ ಇದು ಸಿಗಲಿ ಎಂದು ಮೊದಲೇ ಬರೆದಿಡಬಹುದು. ಹತ್ತು ನಿಮಿಷದ ಕೆಲಸ. ಬೆಂಗಳೂರಿನಿಂದಲೋ ವಿದೇಶದಿಂದಲೋ ಊರಿಗೆ ಬರುವ ಮಕ್ಕಳು ಅಪ್ಪ ಅಮ್ಮನ ಪಕ್ಕ ಕೂತು ಇದೊಂದನ್ನು ಮಾಡಿಕೊಟ್ಟು ಹೋಗಲಿ.

ಕನ್ನಡದಲ್ಲಿ ಬರೆಯುವವರಿಗೆ, ಡಿಟಿಪಿ ಅಂಗಡಿಗಳಿಗೆ ಇನ್ನೊಂದು ಕಷ್ಟವಿದೆ. ಬೇರೆಯವರ ಸಲಹೆಗಳಲ್ಲಿ ಇದು ಬರುವುದಿಲ್ಲ, ನಮ್ಮದೇ ಸಮಸ್ಯೆ. ಇಪ್ಪತ್ತು ವರ್ಷದ ಹಿಂದೆ ನುಡಿ, ಶ್ರೀಲಿಪಿ, ಆಕೃತಿಯ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತ ಡಿಸ್ಕಿನಲ್ಲಿ ಭದ್ರವಾಗಿದೆ. ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಕನ್ನಡ 1991ರಲ್ಲೇ ಯುನಿಕೋಡ್‌ನಲ್ಲಿ ಸೇರಿದ್ದರೂ ನಮ್ಮ ಅಚ್ಚಿನ ಲೋಕ ಬಹಳ ವರ್ಷ ಹಳೆಯದರಲ್ಲೇ ನಡೆಯಿತು. ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪುಟಗಳದ್ದು ಇನ್ನೂ ಕಷ್ಟ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಈಗಿನ ಇನ್‌ಡಿಸೈನ್ ಅದನ್ನು ತೆರೆಯುವುದಿಲ್ಲ. ಊರ ಜಾತ್ರೆಯ ಸ್ಮರಣ ಸಂಚಿಕೆ, ಶಾಲೆಯ ಸುವರ್ಣ ಮಹೋತ್ಸವದ ಪುಸ್ತಕ, ಎಷ್ಟೋ ಲೇಖಕರ ಹಸ್ತಪ್ರತಿ ಹೀಗೆ ಇದ್ದೂ ಇಲ್ಲದಂತಾಗಿವೆ. ಹಳೆಯ ಕಂಪ್ಯೂಟರ್ ಇನ್ನೂ ಜೀವಂತ ಇರುವ ಅಂಗಡಿಗಳು ಆ ಕಡತಗಳನ್ನು ಪಿಡಿಎಫ್ ಮಾಡಿ, ಪಠ್ಯವನ್ನು ಪರಿವರ್ತಕದಿಂದ ಯುನಿಕೋಡ್‌ಗೆ ತಂದು ಇಡಬೇಕು. ಆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು, ಆಮೇಲಲ್ಲ.

2011ರಿಂದ ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನ ಎಂದು ಆಚರಿಸುತ್ತಾರೆ. ನಮ್ಮಲ್ಲಿ ಅದು ಆರ್ಥಿಕ ವರ್ಷದ ಕೊನೆಯ ದಿನ. ಅಂದು ಯಾವ ಅಂಗಡಿಯವರಿಗೂ ಲೆಕ್ಕಪರಿಶೋಧಕರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಏಪ್ರಿಲಿನ ಮೊದಲ ಭಾನುವಾರ ನಮಗೆ ಸರಿಹೊಂದೀತು. ಮುಗಿದ ವರ್ಷದ ಲೆಕ್ಕವನ್ನು ಪೂರ್ತಿ ಎತ್ತಿಟ್ಟು, ತೆರೆದು ನೋಡಿ, ಒಂದು ಪ್ರತಿಯನ್ನು ಬೇರೆ ಊರಿಗೆ ಕಳಿಸುವ ದಿನ. ತುಮಕೂರಿನಲ್ಲಿ ಸಿದ್ಧಗಂಗಾ, ಸಿದ್ಧಾರ್ಥ ತಾಂತ್ರಿಕ ಕಾಲೇಜುಗಳಿವೆ, ಗುಬ್ಬಿಯಲ್ಲಿ ಚನ್ನಬಸವೇಶ್ವರ ತಾಂತ್ರಿಕ ಕಾಲೇಜಿದೆ. ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಆ ದಿನ ಬಸ್ ನಿಲ್ದಾಣದ ಬಳಿ ಮೇಜು ಹಾಕಿ ಕುಳಿತರೆ, ಬಂದವರ ಫೋನಿನಲ್ಲಿ ಬ್ಯಾಕಪ್ ನಡೆಯುತ್ತಿದೆಯೇ ನೋಡಿಕೊಡಬಹುದು, ಅಂಗಡಿಯವರ ಡಿಸ್ಕಿನಿಂದ ಒಂದು ಕಡತ ರಿಸ್ಟೋರ್ ಮಾಡಿ ತೋರಿಸಬಹುದು, ಹಳೆಯ ನುಡಿ ಕಡತವೊಂದನ್ನು ಯುನಿಕೋಡ್ ಮಾಡಿಕೊಡಬಹುದು. ಕಣ್ಣಿನ ತಪಾಸಣೆಗೆ, ರಕ್ತದಾನಕ್ಕೆ ಶಿಬಿರ ನಡೆಸುವ ಎನ್‌ಎಸ್‌ಎಸ್ ಘಟಕಗಳಿಗೆ ಇದು ಕಷ್ಟದ್ದಲ್ಲ. ಬೇಕಿರುವುದು ನಾಲ್ಕು ಮೇಜು, ನಾಲ್ಕು ಲ್ಯಾಪ್‌ಟಾಪು, ಯಾರ ಡೇಟಾವನ್ನೂ ನಕಲು ಮಾಡಿಕೊಳ್ಳುವುದಿಲ್ಲ ಎಂಬ ಲಿಖಿತ ಮಾತು, ಮತ್ತು ಕಾಲೇಜಿನ ಒಬ್ಬ ಮೇಷ್ಟ್ರ ಉಸ್ತುವಾರಿ.